ದಿಮ್ಮಿ ಇಳಿಸಿದ ವಾರ

ಬೇಕರಿ ಅಕ್ಕನ ಗಂಡನನ್ನು ಬೀದಿಯವರೆಲ್ಲ ಆನೆಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಬೇಕರಿಯ ಒಲೆಗೆ ಬೇಕಾದ ಸೌದೆಯನ್ನೆಲ್ಲ ಆತ ಭುಜದ ಮೇಲೇ ಹೊತ್ತು ತಂದವನು. ಬೀದಿ ಕಿರಿದು, ಲಾರಿ ಒಳಗೆ ಬಾರದು. ಬೀದಿಯ ತುದಿಯಲ್ಲಿ ಲಾರಿಯವರು ಸುರಿದು ಹೋದ ರಾಶಿಗೆ ಬೆಳಗ್ಗೆ ಕೈಹಚ್ಚಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಷ್ಟನ್ನೂ ಹಿಂದಿನ ಶೆಡ್ಡಿಗೆ ಸೇರಿಸಿಬಿಡುತ್ತಿದ್ದ. ಅವನ ಹತ್ತಿರ ಇದ್ದ ಸಲಕರಣೆ ಎಂದರೆ ಒಂದು ಕೊಡಲಿ, ಅದೂ ಸೀಳುವುದಕ್ಕೆ. ಹೊರುವುದಕ್ಕೆ ಏನೂ ಇರಲಿಲ್ಲ. ಯಾರಾದರೂ ಒಂದು ಕೈಗಾಡಿ ಇಟ್ಟುಕೋ ಮಾರಾಯ ಎಂದರೆ, "ಗಾಡಿ ಆದ್ರೆ ಪಂಕ್ಚರ್ ಆಗತ್ತೆ, ನನ್ನ ಭುಜಕ್ಕೆ ಆ ಭಯ ಇಲ್ಲ" ಎಂದು ನಗುತ್ತಿದ್ದ.

ಒಂದು ಬೆಳಗ್ಗೆ ಶೆಡ್ಡಿನ ಹೊಸ್ತಿಲು ದಾಟುವಾಗ, ಭುಜದ ಮೇಲೆ ದಿಮ್ಮಿ ಇದ್ದಂತೆಯೇ, ಸೊಂಟದ ಹತ್ತಿರ ಏನೋ ಟಪ್ಪೆಂದಿತು. ದಿಮ್ಮಿ ಒಂದು ಕಡೆ, ಆತ ಒಂದು ಕಡೆ ಬಿದ್ದ. ಎರಡು ತಿಂಗಳು ಆಸ್ಪತ್ರೆ, ಒಂದು ಆಪರೇಷನ್ನು. ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ್ದು ಇಷ್ಟೇ: ಇನ್ನು ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಕೂಡದು, ಬಗ್ಗಿ ಎತ್ತುವುದಂತೂ ಇಲ್ಲವೇ ಇಲ್ಲ. ಅದೂ ಒಂದು ತಿಂಗಳು, ಒಂದು ವರ್ಷ ಅಂತಲ್ಲ, ಜೀವ ಇರುವವರೆಗೆ.

ಮನೆಗೆ ಬಂದವನು ಸೊಂಟಕ್ಕೆ ಅಗಲದ ಬೆಲ್ಟು ಬಿಗಿದುಕೊಂಡು ಒಲೆಯ ಎದುರಿನ ಮರದ ಕುರ್ಚಿಯಲ್ಲಿ ಕೂತ. ಮೂರು ದಿನ ಅಲ್ಲೇ ಕಳೆದ. ನಾಲ್ಕನೆಯ ದಿನ ಗೋಡೆ ಹಿಡಿದು ಶೆಡ್ಡಿಗೆ ಹೋಗಿ ಉಳಿದ ಸೌದೆಯನ್ನು ಕಣ್ಣಲ್ಲೇ ಅಳೆದು ಬಂದ.

"ಇನ್ನೊಂದು ಹತ್ತು ಹನ್ನೊಂದು ತಿಂಗಳಿಗೆ ಬರತ್ತೆ. ಅದು ಮುಗಿದ ದಿನ ಒಲೆ ಆರಿಸಿಬಿಡೋಣ" ಎಂದ.

ಅಕ್ಕ ಹಿಟ್ಟು ತೂಗುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಅವಳ ಅತ್ತೆ ಮಾತ್ರ ನಾದುವ ಮೇಜಿನ ಆ ತುದಿಯಿಂದ "ಏನಂದ?" ಎಂದು ಕೇಳಿದಳು. ಎಪ್ಪತ್ತಮೂರರ ಅತ್ತೆಗೆ ಒಂದು ಕಿವಿ ಮಂದ, ಇನ್ನೊಂದಕ್ಕೆ ತನಗೆ ಬೇಕಾದದ್ದು ಮಾತ್ರ ಕೇಳುತ್ತಿತ್ತು.

"ಏನೂ ಇಲ್ಲ ಅತ್ತೆ. ಸೌದೆ ಲೆಕ್ಕ ಹಾಕ್ತಿದಾರೆ."

ಆ ಒಲೆಯನ್ನು ಇಟ್ಟಿಗೆಯಿಂದ ಕಟ್ಟಿಸಿದ್ದು ಅಕ್ಕನ ಮಾವ. ಅದರೊಳಗೆ ಒಮ್ಮೆಗೆ ಎಂಬತ್ತು ಬ್ರೆಡ್ಡು ಬೇಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅಕ್ಕ ಅದರ ಬಾಯಿಗೆ ಕೈಯೊಡ್ಡಿ ಕಾವು ನೋಡುವುದನ್ನು ಕಲಿತಿದ್ದಳು. ಈಗ ಅವಳಷ್ಟು ಚೆನ್ನಾಗಿ ಆ ಒಲೆಯನ್ನು ಅರಿತವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಹೊರುವ ಮೈಯಲ್ಲ ಅವಳದು. ಕುಳ್ಳು, ತೆಳು. ಎಡಗೈಯ ಮಣಿಕಟ್ಟು ಹಿಂದೊಮ್ಮೆ ಮುರಿದು ಕೂಡಿಕೊಂಡದ್ದು ಸೊಟ್ಟಗಾಗಿ, ತಿರುಗಿಸಲು ಹೋದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು.

ಇದಾಗಿ ಹತ್ತು ದಿನಕ್ಕೆ ಒಂದು ಭಾನುವಾರ ಜೋರು ಗಾಳಿ ಬೀಸಿತು. ಬೇಕರಿಯ ಹಿಂದೆ, ಸ್ವಲ್ಪ ಎತ್ತರದಲ್ಲಿ ಶಾಲೆ. ಶಾಲೆಯ ಹಿಂಬಾಗಿಲಿನಿಂದ ಬೇಕರಿಯ ಹಿತ್ತಿಲವರೆಗೆ ಎರಡು ಗೋಡೆಗಳ ನಡುವೆ ಇಳಿಜಾರಾದ ಒಂದು ಓಣಿ, ನಲವತ್ತೈವತ್ತು ಹೆಜ್ಜೆ ಉದ್ದ. ಆ ಗಾಳಿಗೆ ಶಾಲೆಯಂಗಳದ ದೊಡ್ಡ ಮರ ಬೇರುಸಹಿತ ಅಡ್ಡಬಿತ್ತು. ರಜೆಯಾದ್ದರಿಂದ ಮಕ್ಕಳಿರಲಿಲ್ಲ, ಪುಣ್ಯ. ಸದ್ದು ಕೇಳಿ ಓಡಿಹೋದವರೆಲ್ಲ ಅಯ್ಯೋ ಎಷ್ಟು ದೊಡ್ಡ ಮರ, ಎಂಥಾ ನೆರಳಿತ್ತು ಎನ್ನುತ್ತಿದ್ದಾಗ ಅಕ್ಕ ಒಬ್ಬಳೇ ಹೆಡ್ ಟೀಚರ ಹತ್ತಿರ ಹೋಗಿ ನಿಂತಳು.

"ಟೀಚರ್, ಈ ಮರ ಏನು ಮಾಡ್ತೀರಿ?"

"ಅದೇ ತಲೆನೋವು ಕಣಮ್ಮ. ಈಗ ಫೋನ್ ಮಾಡಿದ್ರೆ ಮರದ ವ್ಯಾಪಾರಿ ಗೋಡೆ ಒಡೆದು ಗಾಡಿ ಒಳಗೆ ತರ್ತೀನಿ ಅಂತಾನೆ. ಗೋಡೆ ಮತ್ತೆ ಕಟ್ಟೋರು ಯಾರು? ಪುರಸಭೆಯೋರು ಕತ್ತರಿಸಿ ಕೊಡ್ತಾರಂತೆ, ಸಾಗಿಸೋದು ನಮ್ಮ ಪಾಡು."

"ಕತ್ತರಿಸಿ ಕೊಟ್ರೆ ನಾನು ತಗೊಂಡು ಹೋಗ್ತೀನಿ. ಗೋಡೆ ಮುಟ್ಟಲ್ಲ. ಹಿಂದಿನ ಓಣಿಯಿಂದ."

ಹೆಡ್ ಟೀಚರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ನೋಡಲು ಹೆಚ್ಚೇನೂ ಇರಲಿಲ್ಲ. "ಹೊರೋರು ಯಾರು?"

"ನಾನೇ."

"ಮುಂದಿನ ಸೋಮವಾರ ಶಾಲೆ ಶುರು. ಭಾನುವಾರ ಸಂಜೆಯೊಳಗೆ ಅಂಗಳ ಖಾಲಿ ಆಗಬೇಕು."

"ಆಗತ್ತೆ."

ಮನೆಗೆ ಬಂದು ಹೇಳಿದಾಗ ಗಂಡನ ಮುಖ ಕೆಂಪಾಯಿತು. "ನಿನಗೆ ತಲೆ ಸರಿ ಇದೆಯಾ? ಹಸಿ ಮರ ಅದು. ಒಣಗೋಕೆ ಒಂದು ವರ್ಷ ಬೇಕು."

"ಗೊತ್ತು ರೀ."

"ಒಂದು ವರ್ಷ ಆದ್ಮೇಲೆ ಆ ಸೌದೆ ತಗೊಂಡು ಏನು ಮಾಡ್ತೀಯ? ಒಲೆ ಆರಿಸೋಣ ಅಂತ ಹೇಳಿದೀನಲ್ಲ."

"ನೀವು ಹೇಳಿದ್ರಿ. ನಾನು ಹೂಂ ಅಂದಿಲ್ಲ."

ಆತ ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿದ. ಅತ್ತೆ ಮಾತ್ರ ಈ ಸಲ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಸಿ ಮರ ಅಂದ್ರೆ ತೊಗಟೆ ಸಮೇತ ತರಬೇಡ ಕಣೇ, ಹುಳ ಬರತ್ತೆ" ಎಂದಳು.

ಸೋಮವಾರ ಪುರಸಭೆಯವನು ಮೆಷಿನ್ ಗರಗಸದಲ್ಲಿ ಮರವನ್ನು ತುಂಡು ಮಾಡಿ ಹೋದ. ಕೊಂಬೆಗಳು ಮೊಳದುದ್ದದ ಇನ್ನೂರು ಮುನ್ನೂರು ತುಂಡಾದವು. ಕಾಂಡ ಮಾತ್ರ ಮೂರು ಮೂರು ಅಡಿಯ ಐದು ದಿಮ್ಮಿಗಳಾಗಿ ಬಿದ್ದಿತ್ತು, ಒಂದೊಂದೂ ಎರಡು ಆಳು ಸೇರಿದರೂ ಅಲುಗದಷ್ಟು ದಪ್ಪ. ಅಕ್ಕ ಬೆಳಗಿನ ಬ್ರೆಡ್ಡು ಒಲೆಯಿಂದ ತೆಗೆದು, ಅಂಗಡಿಯನ್ನು ಅತ್ತೆಗೆ ಒಪ್ಪಿಸಿ, ಸೆರಗು ಸಿಕ್ಕಿಸಿಕೊಂಡು ಹೋದಳು. ಬರಿಗೈಯಲ್ಲಿ ಬಗ್ಗಿ ಎತ್ತಿ, ಎದೆಗೆ ಅವಚಿಕೊಂಡು, ಓಣಿ ಇಳಿದು, ಹಾಕಿ, ಮತ್ತೆ ಹತ್ತಿದಳು. ಮಧ್ಯಾಹ್ನದವರೆಗೆ ಇಪ್ಪತ್ತೇಳು ತುಂಡು. ಇಪ್ಪತ್ತೆಂಟನೆಯದು ಎಡಗೈಯಿಂದ ಜಾರಿ ಕಾಲ ಹೆಬ್ಬೆರಳ ಪಕ್ಕದಲ್ಲೇ ಬಿತ್ತು. ಮಣಿಕಟ್ಟು ಬಿಸಿ ಬನ್ನಿನ ಹಾಗೆ ಊದಿಕೊಂಡಿತ್ತು.

ಹೀಗೇ ಹೊತ್ತರೆ ಭಾನುವಾರವಲ್ಲ, ಇನ್ನೆರಡು ವಾರಕ್ಕೂ ಮುಗಿಯದು ಎಂದು ಅವಳಿಗೆ ಗೊತ್ತಾಯಿತು. ಹಾರ್ಡ್‌ವೇರ್ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಕಪಾಟಿನಿಂದ ಹೊಳೆಯುವ ಕೆಂಪು ಬಣ್ಣದ ಇಕ್ಕಳ ತೆಗೆದು, "ಇದು ದಿಮ್ಮಿ ಎತ್ತೋಕೇ ಮಾಡಿರೋದು, ಅಕ್ಕ, ಒಳ್ಳೇ ಮಾಲು" ಎಂದ. ಅಂಗಳಕ್ಕೆ ತಂದು ನೋಡಿದರೆ ಅದರ ಬಾಯಿ ಅಕ್ಕನ ಸಣ್ಣ ತುಂಡುಗಳಿಗೆ ದೊಡ್ಡದು, ದೊಡ್ಡ ದಿಮ್ಮಿಗಳಿಗೆ ಸಣ್ಣದು. ಅದೂ ಅಲ್ಲದೆ ಇಕ್ಕಳ ತುಂಡನ್ನು ಹಿಡಿಯುತ್ತಿತ್ತು ನಿಜ, ಎತ್ತುವವಳು ಮಾತ್ರ ಅವಳೇ ಆಗಬೇಕಿತ್ತು. ಬಗ್ಗುವುದು ತಪ್ಪಲಿಲ್ಲ. ಇಕ್ಕಳವನ್ನು ವಾಪಸು ಕೊಟ್ಟು, ಅಂಗಡಿಯವನ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದೆ ಬಂದಳು.

ಮಂಗಳವಾರ ಅವಳು ಹೋದದ್ದು ಕಮ್ಮಾರನ ಹತ್ತಿರ. ಹಳೇ ಬಸ್ಸುಗಳನ್ನು ಬಿಚ್ಚುವ ಗ್ಯಾರೇಜುಗಳ ಸಾಲಿನ ಕೊನೆಗೆ ಅವನ ಕುಲುಮೆ. ಎಪ್ಪತ್ತರ ಹತ್ತಿರದ ಮುದುಕ, ಹುಬ್ಬಿನ ಕೂದಲು ಅರ್ಧ ಸುಟ್ಟುಹೋಗಿತ್ತು, ಮಾತಿನಲ್ಲಿ ನಯ ಎಂಬುದು ಕಡಿಮೆ.

"ಏನು ಬೇಕು?"

"ಸೌದೆ ಎಳೆಯೋಕೆ ಒಂದು ಕೊಕ್ಕೆ ಬೇಕಿತ್ತಜ್ಜ."

"ಕೊಕ್ಕೆ ಅಂದ್ರೆ ಸಾವಿರ ಇದಾವೆ. ಬಟ್ಟೆ ನೇತುಹಾಕೋದೂ ಕೊಕ್ಕೇನೇ. ಏನು ಮಾಡಬೇಕು ಅಂತಿದೀಯ, ಅದನ್ನ ಹೇಳು."

ಅಕ್ಕ ಎಲ್ಲವನ್ನೂ ಹೇಳಿದಳು. ಕೊಂಬೆ ತುಂಡು, ದಿಮ್ಮಿ, ಓಣಿ, ಇಳಿಜಾರು. ಮುದುಕ ತಿದಿಯನ್ನು ನಿಲ್ಲಿಸಿ ಕೇಳಿದ. ಆಮೇಲೆ ಅವಳನ್ನು ನೆಟ್ಟಗೆ ನಿಲ್ಲಿಸಿ, ನೆಲದಿಂದ ಮಣಿಕಟ್ಟಿನವರೆಗೆ ಒಂದು ಕೋಲಿನಲ್ಲಿ ಅಳೆದು ಸುಣ್ಣದ ಗುರುತು ಹಾಕಿದ. "ಕೈ ತೋರಿಸು. ಎರಡೂ" ಎಂದ. ಎಡಗೈ ತಿರುಗಿಸು ಎಂದ. ಅದು ಅರ್ಧಕ್ಕೆ ನಿಂತದ್ದನ್ನು ನೋಡಿ ಮುಖ ಗಂಟಿಕ್ಕಿದ.

"ಇದರಲ್ಲಿ ಶಕ್ತಿ ಅಷ್ಟೊಂದಿಲ್ಲಜ್ಜ" ಎಂದಳು ಅಕ್ಕ ಸಂಕೋಚದಿಂದ.

"ಶಕ್ತಿ ಎಷ್ಟಿದೆ ಅಂತ ನಾನು ಕೇಳಿದ್ನಾ? ಎಷ್ಟು ದೂರ ತಿರುಗತ್ತೆ ಅಂತ ನೋಡಿದೆ, ಅಷ್ಟೆ. ಹಿಡಿಯೋ ಕಾವನ್ನ ದುಂಡಗೆ ಮಾಡಿದ್ರೆ ನಿನ್ನ ಕೈಯೊಳಗೆ ಅದು ತಿರುಗತ್ತೆ, ನೀನು ಅದನ್ನ ಹಿಡಿದಿಡೋಕೆ ಒದ್ದಾಡ್ತೀಯ. ಮೊಟ್ಟೆ ಆಕಾರಕ್ಕೆ ಕೆತ್ತಿ ಕೊಡ್ತೀನಿ. ಸಣ್ಣ ತುಂಡಿಗೆ ಒಂದು ಸಲಕರಣೆ, ದಿಮ್ಮಿಗೆ ಬೇರೆ. ಎರಡಕ್ಕೂ ಒಂದೇ ಕೊಡು ಅಂದ್ರೆ ನನ್ನ ಹತ್ರ ಇಲ್ಲ."

ಸಾಗಿಸುವುದಕ್ಕೆ ಏನಿದೆ ಎಂದೂ ಕೇಳಿದ. ಕಟ್ಟಡ ಕೆಲಸದವರ ಒಂಟಿ ಗಾಲಿಯ ಗಾಡಿ ಕೇಳಿ ತರಬಹುದು ಎಂದಳು ಅಕ್ಕ.

"ಬೇಡ. ಒಂಟಿ ಗಾಲಿ ಆ ಕಡೆ ಈ ಕಡೆ ವಾಲತ್ತೆ, ಪ್ರತಿ ಸಲ ನಿನ್ನ ಎಡಗೈಯೇ ತಡೀಬೇಕು. ಬ್ರೆಡ್ ಹಂಚೋ ಗಾಡಿಗೆ ಎಷ್ಟು ಗಾಲಿ?"

"ಎರಡು."

"ಮೇಲಿನ ಡಬ್ಬ ಬಿಚ್ಚಿಡು. ಗಾಡಿ ಆಯ್ತಲ್ಲ."

ಹದಿನೈದು ವರ್ಷದಿಂದ ದಿನಾ ತಳ್ಳುತ್ತಿದ್ದ ಗಾಡಿ ತನಗೆ ಹೊಳೆಯಲಿಲ್ಲವಲ್ಲ ಎಂದು ಅಕ್ಕ ನಾಲಿಗೆ ಕಚ್ಚಿಕೊಂಡಳು.

ಬುಧವಾರ ಬೆಳಗ್ಗೆ ಮೊದಲ ಸಲಕರಣೆ ಸಿದ್ಧವಾಯಿತು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಹದ ಹಾಕಿ ಮಾಡಿದ್ದು. ನೋಡಲು ಉದ್ದ ಕಾವಿನ ಕೊಡಲಿಯ ಹಾಗೆ, ಆದರೆ ಅಲಗಿನ ಜಾಗದಲ್ಲಿ ಹಕ್ಕಿಯ ಕೊಕ್ಕಿನಂಥ ಚೂಪು ಮೊನೆ. ನಿಂತಲ್ಲಿಂದಲೇ ತುಂಡಿನ ತುದಿಗೆ ಲಘುವಾಗಿ ಹೊಡೆದರೆ ಮೊನೆ ಕಚ್ಚಿಕೊಳ್ಳುತ್ತದೆ. ಎಳೆದರೆ ತುಂಡು ಬರುತ್ತದೆ. ಬಗ್ಗುವ ಮಾತೇ ಇಲ್ಲ.

ಕಚ್ಚಿಕೊಂಡದ್ದೇನೋ ನಿಜ, ಬಿಡಿಸಿಕೊಳ್ಳುವುದೇ ದೊಡ್ಡ ಕಷ್ಟವಾಯಿತು. ಹಸಿ ಮರದೊಳಗೆ ಮೊನೆ ಆಳಕ್ಕೆ ಹೊಕ್ಕು ಕೂತುಬಿಡುತ್ತಿತ್ತು. ಪ್ರತಿ ತುಂಡಿನ ಮೇಲೂ ಕಾಲಿಟ್ಟು, ಎರಡೂ ಕೈಯಲ್ಲಿ ಅಲುಗಿಸಿ ಕೀಳಬೇಕು. ಹತ್ತು ತುಂಡಿಗೇ ಅಕ್ಕನಿಗೆ ಅಳು ಬಂದಂತಾಯಿತು. ಕುರ್ಚಿಯನ್ನು ಹಿತ್ತಿಲ ಬಾಗಿಲಿಗೆ ಎಳೆಸಿಕೊಂಡು ಕೂತಿದ್ದ ಗಂಡ ಓಣಿಯ ಕೆಳಗಿನಿಂದಲೇ ನೋಡಿದ. "ಹೇಳಿದ್ನಲ್ಲ. ಆಟದ ಸಾಮಾನು ಇವೆಲ್ಲ."

ಅಕ್ಕ ಅದನ್ನು ಹೆಗಲಿಗಿಟ್ಟುಕೊಂಡು ನೇರ ಕುಲುಮೆಗೆ ನಡೆದಳು. ಮುದುಕ ಮೊದಲು ಸಿಡುಕಿದ. ಹೊಡೆಯೋ ರೀತಿ ಸರಿಯಿಲ್ಲ ಎಂದ. ಅಕ್ಕ ಅವನ ಅಂಗಳದಲ್ಲೇ ಬಿದ್ದಿದ್ದ ಹಸಿ ಕೊಂಬೆಗೆ ಹೊಡೆದು ಕೋಲನ್ನು ಅವನ ಕೈಗಿತ್ತು, "ನೀವೇ ಕಿತ್ತು ತೋರಿಸಿ" ಎಂದಳು. ಆತ ಕಿತ್ತ, ಕಿತ್ತ, ಮೂರನೆಯ ಸಲಕ್ಕೆ ಬಂತು. ಮೊನೆಯನ್ನು ಹೆಬ್ಬೆರಳಿಂದ ಸವರಿ ನೋಡಿದ.

"ಒಣ ಸೌದೆಗೆ ಮಾಡೋ ಹಾಗೆ ಮಾಡಿಬಿಟ್ಟೆ" ಎಂದ ಕೊನೆಗೆ. "ತಪ್ಪು ನಂದೇ. ಕೂತ್ಕೋ."

ಮೊನೆಯನ್ನು ಮತ್ತೆ ಕಾಯಿಸಿ ಇನ್ನಷ್ಟು ಕೆಳಕ್ಕೆ ಬಾಗಿಸಿದ, ಉದ್ದ ಕಡಿಮೆ ಮಾಡಿದ, ಅರದಿಂದ ಪಕ್ಕಗಳನ್ನು ಸವರಿ ನುಣುಪು ಮಾಡಿದ. ಈಗ ಅದು ಒಂದು ಬೆರಳಗಲ ಮಾತ್ರ ಕಚ್ಚುತ್ತಿತ್ತು. ಕಾವನ್ನು ಮುಂದಕ್ಕೆ ಒಂಚೂರು ತಳ್ಳಿದರೆ ತಾನಾಗಿಯೇ ಬಿಟ್ಟುಕೊಡುತ್ತಿತ್ತು.

ಅಂದು ಮಧ್ಯಾಹ್ನದಿಂದ ಕೆಲಸ ಓಡಿತು. ಹೊಡೆ, ಎಳೆ, ಗಾಡಿಯ ಅಂಚಿಗೆ ತಾಗಿಸು, ಕಾವಿನಿಂದಲೇ ಮೇಲಕ್ಕೆ ಉರುಳಿಸು. ಒಂದು ಗಾಡಿಗೆ ಹನ್ನೆರಡು ತುಂಡು. ಇಳಿಜಾರಿನಲ್ಲಿ ಅವಳು ಗಾಡಿಯ ಮುಂದೆ ನಡೆಯುತ್ತಿರಲಿಲ್ಲ, ಹಿಂದೆ ನಿಂತು ತನ್ನತ್ತ ಎಳೆದು ತಡೆಯುತ್ತ ನಿಧಾನವಾಗಿ ಬಿಡುತ್ತ ಹೋಗುತ್ತಿದ್ದಳು. ಗುರುವಾರ, ಶುಕ್ರವಾರ ಹೀಗೇ ನಡೆಯಿತು. ಬೆವರು ಇಳಿಯುತ್ತಿತ್ತು, ತೋಳು ನೋಯುತ್ತಿತ್ತು, ಆದರೆ ಅದು ಕೆಲಸ ಮಾಡಿದ ನೋವು. ಸೋಮವಾರದ ನೋವಿನ ಥರ ಹೆದರಿಸುವಂಥದ್ದಲ್ಲ. ಅತ್ತೆ ಸಂಜೆ ಶೆಡ್ಡಿಗೆ ಬಂದು ಕಣ್ಣು ಕಿರಿದು ಮಾಡಿ ರಾಶಿ ನೋಡಿದಳು. "ನಿನ್ನ ಗಂಡ ಮಾತಾಡಿದ್ನಾ?"

"ಇಲ್ಲ ಅತ್ತೆ."

"ನೋಡ್ತಾ ಕೂತಿದಾನೆ. ಬ್ರೆಡ್ ಸುಟ್ಟುಹೋದ್ರೂ ತಿರುಗಿ ನೋಡದೋನು ಎರಡು ದಿನದಿಂದ ಓಣಿನೇ ನೋಡ್ತಿದಾನೆ."

ಶುಕ್ರವಾರ ಸಂಜೆಗೆ ಅಂಗಳದಲ್ಲಿ ಉಳಿದದ್ದು ಐದು ದಿಮ್ಮಿ ಮಾತ್ರ. ಶನಿವಾರ ಮುದುಕ ಎರಡನೆಯ ಸಲಕರಣೆ ಕೊಟ್ಟ: ನಾಲ್ಕಡಿಯ ಗಟ್ಟಿ ಕೋಲು, ಅದರ ತುದಿಗಿಂತ ಒಂದಡಿ ಮೇಲೆ ಬೋಲ್ಟಿನಲ್ಲಿ ತೂಗುಬಿಟ್ಟ ಬಾಗಿದ ಕಬ್ಬಿಣದ ಕೊಂಡಿ. ಕೋಲನ್ನು ದಿಮ್ಮಿಗೆ ಆನಿಸಿ ಕೊಂಡಿ ಆಚೆ ಬದಿಯನ್ನು ಕಚ್ಚುವಂತೆ ಬಿಟ್ಟು, ಕೋಲನ್ನು ಒತ್ತಿದರೆ ದಿಮ್ಮಿ ಮಗುಚುತ್ತದೆ. ಕೊಡುವಾಗ ಮುದುಕ ಬೆರಳೆತ್ತಿ ಒಂದು ಮಾತು ಹೇಳಿದ: "ಇಳಿಜಾರಲ್ಲಿ ದಿಮ್ಮಿಯ ಕೆಳಗಡೆ ಯಾವತ್ತೂ ನಿಲ್ಲಬೇಡ. ಪಕ್ಕಕ್ಕೆ ನಿಲ್ಲು, ಇಲ್ಲಾ ಮೇಲೆ ನಿಲ್ಲು. ಏನೇ ಆಗಲಿ."

ಸಮತಟ್ಟಾದ ಅಂಗಳದಲ್ಲಿ ಅದು ಮಾಡಿದ್ದು ನೋಡಿ ಅಕ್ಕನಿಗೇ ನಗು ಬಂತು. ಇನ್ನೂರು ಕಿಲೋ ದಾಟುವ ದಿಮ್ಮಿ ಅವಳು ಒತ್ತಿದಾಗೆಲ್ಲ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಉರುಳುತ್ತಿತ್ತು. ಹಿಂಬಾಗಿಲು ದಾಟಿಸಿ ಓಣಿಯ ತಲೆಗೆ ತಂದಳು. ಕೆಳಗೆ ಮರದ ಬೆಣೆ ಇಟ್ಟು, ಒಂದು ಸುತ್ತು ಉರುಳಿಸುವುದು, ಬೆಣೆ ಮುಂದಿಡುವುದು, ಇನ್ನೊಂದು ಸುತ್ತು. ಮೂರು ಸುತ್ತು ಸರಿಯಾಗಿ ನಡೆಯಿತು. ನಾಲ್ಕನೆಯದಕ್ಕೆ ಬೆಣೆ ಕಲ್ಲಿನ ಮೇಲೆ ಜಾರಿತು.

ಅಕ್ಕ ಪಕ್ಕದಲ್ಲಿದ್ದಳು, ಗೋಡೆಗೆ ಒತ್ತಿಕೊಂಡಳು. ದಿಮ್ಮಿ ಅವಳನ್ನು ದಾಟಿ ಗುಡುಗುಡು ಎಂದು ಓಣಿಯಲ್ಲಿ ಇಳಿಯಿತು. ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ಬಡಿದು, ಹಿತ್ತಿಲ ನಲ್ಲಿಯ ಪೈಪನ್ನು ಮುರಿದುಕೊಂಡು ಹೋಗಿ ಶೆಡ್ಡಿನ ಗೋಡೆಗೆ ಗುದ್ದಿ ನಿಂತಿತು. ನೀರು ಆಳೆತ್ತರಕ್ಕೆ ಚಿಮ್ಮಿತು. ಅತ್ತೆ ಕೈತುಂಬ ಹಿಟ್ಟು ಮೆತ್ತಿಕೊಂಡು ಓಡಿಬಂದು ಪೂರ್ತಿ ನೆನೆದು, "ಮಳೆ ಬಂತಾ?" ಎಂದು ಆಕಾಶ ನೋಡಿದಳು.

ಅಕ್ಕ ಓಣಿಯಲ್ಲೇ ಕುಸಿದು ಕೂತಳು. ಬೆಲ್ಟು ಬಿಗಿದ ಗಂಡ ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಹತ್ತಿರ ಬಂದ. ಮುಖ ಬಿಳುಚಿತ್ತು.

"ಅದರ ಕೆಳಗೆ ನೀನಿದ್ದಿದ್ರೆ?"

"ಇರಲಿಲ್ಲ. ಪಕ್ಕದಲ್ಲಿದ್ದೆ."

"ಸಾಕು ಕಣೇ. ಇಷ್ಟು ತಂದಿದೀಯಲ್ಲ, ಸಾಕು. ಉಳಿದ ನಾಲ್ಕು ಅಲ್ಲೇ ಇರಲಿ."

"ಭಾನುವಾರದೊಳಗೆ ತೆಗೀತೀನಿ ಅಂತ ಟೀಚರಿಗೆ ಮಾತು ಕೊಟ್ಟಿದೀನಿ."

"ಯಾಕೆ ಇಷ್ಟು ಹಟ ನಿನಗೆ?" ಆತ ಗೋಡೆಗೆ ಆನಿಕೊಂಡ. "ನನ್ನನ್ನ ನೋಡು. ನಾನು ಹೊರಲಾರೆ, ನೀನು ಹೊರೋದನ್ನ ನೋಡ್ತಾ ಕೂತಿರಬೇಕಾ? ಒಲೆ ಆರಿಸಿದ್ರೆ ಆ ಸಂಕಟಾನಾದ್ರೂ ತಪ್ಪತ್ತೆ."

ಇಷ್ಟು ದಿನದ ಮುನಿಸಿನ ಬುಡ ಇಲ್ಲಿದೆ ಎಂದು ಅಕ್ಕನಿಗೆ ಈಗ ತಿಳಿಯಿತು. "ರೀ, ನಾನು ಹೊರ್ತಾ ಇಲ್ಲ" ಎಂದಳು ಮೆಲ್ಲಗೆ. "ಬುಧವಾರದಿಂದ ಒಂದು ತುಂಡೂ ಹೊತ್ತಿಲ್ಲ. ಎಳೆದಿದೀನಿ, ತಳ್ಳಿದೀನಿ, ಉರುಳಿಸಿದೀನಿ. ನೋಡ್ತಾನೇ ಕೂತಿದ್ರಲ್ಲ, ಇಷ್ಟೂ ಕಾಣಲಿಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ಯಾರು ಯಾರನ್ನು ಎಬ್ಬಿಸಿದರು ಎಂದು ಹೇಳುವುದು ಕಷ್ಟವಿತ್ತು.

ಪೈಪಿಗೆ ಬಟ್ಟೆ ಸುತ್ತಿ, ನೀರು ನಿಲ್ಲಿಸಿ, ನೆನೆದ ಅತ್ತೆಗೆ ಬೇರೆ ಸೀರೆ ಕೊಟ್ಟು, ಸಂಜೆಯ ಚಹಾ ಕುಡಿಯುವಾಗ ಆತ ಇದ್ದಕ್ಕಿದ್ದಂತೆ ನಾದುವ ಮೇಜಿನ ಮೇಲಿದ್ದ ಲಟ್ಟಣಿಗೆ ತೆಗೆದುಕೊಂಡ. ಬ್ರೆಡ್ಡಿನ ಹಲಗೆಯೊಂದನ್ನು ಹಿಟ್ಟಿನ ಡಬ್ಬಕ್ಕೆ ಓರೆಯಾಗಿ ಆನಿಸಿ, ಲಟ್ಟಣಿಗೆಯನ್ನು ಅದರ ಮೇಲೆ ಇಟ್ಟ. "ದಾರ ಕೊಡು" ಎಂದ.

ಮದುವೆಗೆ ಮುಂಚೆ ಆತ ಒಂದು ಎಣ್ಣೆ ಗಿರಣಿಯಲ್ಲಿ ಪೀಪಾಯಿ ಇಳಿಸುವ ಕೆಲಸ ಮಾಡಿದ್ದ. ತುಂಬಿದ ಪೀಪಾಯಿಯನ್ನು ಹೊರುವುದು ಯಾರ ಕೈಲೂ ಆಗದ ಮಾತು. ಅಲ್ಲಿ ನೋಡಿದ್ದು ಈಗ ನೆನಪಾಗಿತ್ತು. ದಾರದ ಒಂದು ತುದಿಯನ್ನು ಹಲಗೆಯ ಮೇಲ್ತುದಿಗೆ ಕಟ್ಟಿದ. ಲಟ್ಟಣಿಗೆಯ ಅಡಿಯಿಂದ ತೂರಿಸಿ, ಮುಂಭಾಗವನ್ನು ಬಳಸಿ, ಮೇಲಿಂದ ಹಿಂದಕ್ಕೆ ತಂದು, ಇನ್ನೊಂದು ತುದಿಯನ್ನು ಒಂದು ಲೋಟಕ್ಕೆ ಎರಡು ಸುತ್ತು ಸುತ್ತಿ ಬೆರಳಲ್ಲಿ ಹಿಡಿದ. ಸ್ವಲ್ಪ ಸಡಿಲಿಸಿದ. ಲಟ್ಟಣಿಗೆ ಒಂದು ಅಂಗುಲ ಇಳಿದು ನಿಂತಿತು. ಇನ್ನೊಂಚೂರು ಬಿಟ್ಟ, ಇನ್ನೊಂದಂಗುಲ.

"ಶಾಲೆ ಹಿಂಬಾಗಿಲಿಗೆ ಎರಡು ಕಲ್ಲುಕಂಬ ಇದೆಯಲ್ಲ. ಒಂದಕ್ಕೆ ಕಟ್ಟೋದು, ಇನ್ನೊಂದಕ್ಕೆ ಸುತ್ತೋದು. ಭಾರ ಎಲ್ಲ ಕಂಬದ ಮೇಲೆ. ಹಗ್ಗದ ತುದಿ ಹಿಡಿಯೋನಿಗೆ ಏನೂ ಇಲ್ಲ." ಆತ ಕತ್ತೆತ್ತಿದ. "ಕುರ್ಚಿ ಹಾಕ್ಕೊಂಡು ಕೂತೇ ಹಿಡೀಬಹುದು."

ಅಕ್ಕ ದಾರದ ತುದಿಯನ್ನು ತನ್ನ ಬೆರಳಿಗೆ ತೆಗೆದುಕೊಂಡು ನೋಡಿದಳು. ಎಳೆತವೇ ಇರಲಿಲ್ಲ. "ಐದು ಕಿಲೋ ಆಗತ್ತಾ?"

"ಐದು ಕಿಲೋ ಎಳೆದ್ರೆ ಇನ್ನೊಂದು ಸುತ್ತು ಜಾಸ್ತಿ ಹಾಕ್ತೀನಿ."

ಲಾರಿಗೆ ಹೊರೆ ಕಟ್ಟುವ ದಪ್ಪ ಹಗ್ಗ ಕಮ್ಮಾರನ ಹತ್ತಿರವೇ ಸಿಕ್ಕಿತು. ಭಾನುವಾರ ಬೆಳಗ್ಗೆ ಅಕ್ಕ ಕುರ್ಚಿಯನ್ನು ಓಣಿಯ ತಲೆಗೆ ಸಾಗಿಸಿದಳು. ಗಂಡ ನಿಧಾನವಾಗಿ ಹತ್ತಿ ಬಂದು, ಕಂಬದ ಅಂಚು ಹಗ್ಗ ಕೊಯ್ಯದಂತೆ ಗೋಣಿ ಸುತ್ತಿಸಿ, ಕುರ್ಚಿಯ ಕಾಲುಗಳಿಗೆ ಕಲ್ಲು ಕೊಡಿಸಿ, ಕೂತ. ಅತ್ತೆ ಬ್ರೆಡ್ಡು ತೆಗೆಯುವ ಉದ್ದನೆಯ ಹಲಗೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಕಾವಲು ನಿಂತಳು. ಓಣಿಯ ಹತ್ತಿರ ಒಂದು ಬೆಕ್ಕನ್ನೂ ಬಿಡಲಿಲ್ಲ.

"ಸಡಿಲ ಬಿಡಿ" ಎಂದಳು ಅಕ್ಕ.

ಹಗ್ಗ ಕಂಬದ ಮೇಲೆ ಕಿರ್ ಎಂದಿತು. ದಿಮ್ಮಿ ಒಂದು ಮೊಳ ಇಳಿದು ನಿಂತಿತು. ಅದರ ಒಂದು ತುದಿ ಮುಂದೆ ಹೋಗಿ ಓರೆಯಾಯಿತು. "ನಿಲ್ಲಿ!" ಎಂದು ಅಕ್ಕ ಪಕ್ಕದಿಂದ ಕೋಲಿನ ಕೊಂಡಿ ಹಾಕಿ ನೇರ ಮಾಡಿದಳು. "ಈಗ." ಮತ್ತೊಂದು ಮೊಳ. ಹೀಗೆ ಆಕೆ ಹೇಳುವುದು, ಆತ ಬಿಡುವುದು. ಅರ್ಧ ದಾರಿಗೆ ಬಂದಾಗ ಇಬ್ಬರಿಗೂ ಮಾತೇ ಬೇಕಾಗಲಿಲ್ಲ. ಅವಳು ಕೋಲು ಎತ್ತಿದರೆ ಆತ ಬಿಡುತ್ತಿದ್ದ, ಇಳಿಸಿದರೆ ಹಿಡಿಯುತ್ತಿದ್ದ. ಮೊದಲ ದಿಮ್ಮಿ ಶೆಡ್ಡಿನ ಮುಂದಿನ ಸಮತಟ್ಟಿಗೆ ಬಂದು ಸದ್ದಿಲ್ಲದೆ ನಿಂತಾಗ ಅತ್ತೆ ಹಲಗೆಯಿಂದ ಅದನ್ನು ಒಮ್ಮೆ ತಟ್ಟಿ ನೋಡಿದಳು, ಬೆಂದಿದೆಯೋ ಎಂದು ಬ್ರೆಡ್ಡನ್ನು ತಟ್ಟುವ ಹಾಗೆ.

ಮೇಲೆ ಕುರ್ಚಿಯಲ್ಲಿ ಕೂತವನು ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅಕ್ಕ ಓಣಿ ಹತ್ತಿ ಬಂದು, "ಬೆನ್ನು?" ಎಂದು ಕೇಳಿದಳು.

"ಬೆನ್ನಿಗೆ ಗೊತ್ತೇ ಆಗಲಿಲ್ಲ" ಎಂದ ಆತ. "ಮುಂದಿಂದು ತಾ."

ಊಟದ ಹೊತ್ತಿಗೆ ಇನ್ನೆರಡು ಇಳಿದವು. ಐದನೆಯದು ಕಾಂಡದ ಬುಡ, ಎರಡಾಗಿ ಕವಲೊಡೆದದ್ದು, ಒಂದು ಕಡೆ ಬೇರಿನ ಗಂಟು. ಕೋಲು ಹಾಕಿದರೆ ಅರ್ಧ ಸುತ್ತಿ ಮತ್ತೆ ಹಿಂದಕ್ಕೇ ಕೂರುತ್ತಿತ್ತು. ಅಕ್ಕ ಮೂರು ಕಡೆಯಿಂದ ಯತ್ನಿಸಿದಳು. ಗಂಡ ಕುರ್ಚಿಯಿಂದ ಎದ್ದು ಬಂದು ಸುತ್ತಲೂ ನೋಡಿದ, ತಲೆಯಾಡಿಸಿದ. ಉರುಳದ್ದನ್ನು ಹಗ್ಗದಲ್ಲಿ ಇಳಿಸಲಾಗದು, ಎತ್ತುವ ಮಾತು ಇಲ್ಲವೇ ಇಲ್ಲ.

ನಾಲ್ಕು ಗಂಟೆಗೆ ಹೆಡ್ ಟೀಚರು ಬಂದರು. ಗುಡಿಸಿದಂತೆ ಖಾಲಿಯಾಗಿದ್ದ ಅಂಗಳವನ್ನು ನೋಡಿ ನಿಂತೇ ಬಿಟ್ಟರು.

"ಇದೊಂದು ನನ್ನ ಕೈಲಾಗಲ್ಲ ಟೀಚರ್" ಎಂದಳು ಅಕ್ಕ ನೇರವಾಗಿ. "ಪುರಸಭೆಯೋರು ಮತ್ತೆ ಬಂದು ಎರಡಾಗಿ ಕೊಯ್ದ್ರೆ ಒಂದೇ ದಿನದಲ್ಲಿ ತೆಗೀತೀನಿ. ಅಲ್ಲೀವರೆಗೆ ಅದು ಇದ್ದಲ್ಲೇ ಅಲುಗದ ಹಾಗೆ ಬೆಣೆ ಕೊಟ್ಟಿದೀನಿ. ಮಕ್ಕಳು ಹತ್ತಿದ್ರೂ ಉರುಳಲ್ಲ."

"ನೀವು ನಾಲ್ಕು ಇಳಿಸಿದ್ದೇ ನನಗೆ ನಂಬೋಕಾಗ್ತಿಲ್ಲ" ಎಂದರು ಟೀಚರು. "ಯಾರು ಬಂದಿದ್ರು ಸಹಾಯಕ್ಕೆ?"

"ನಮ್ಮನೆಯೋರು ಇಳಿಸಿದ್ರು."

ಗಂಡ ಬೇರೆ ಕಡೆ ನೋಡಿದ. ಕಿವಿ ಮಾತ್ರ ಕೆಂಪಾಯಿತು.

ಆಮೇಲಿನ ವಾರ ಪೇರಿಸುವ ಕೆಲಸ. ಆತ ಪಕ್ಕದಲ್ಲಿ ನಿಂತು ಹೇಳಿಕೊಟ್ಟ: ತೊಗಟೆ ಕೆರೆದದ್ದನ್ನು ಮಾತ್ರ ಇಡು, ನೆಲಕ್ಕೆ ತಾಗದಂತೆ ಎರಡು ಅಡ್ಡಪಟ್ಟಿ ಹಾಕು, ತುಂಡುಗಳ ನಡುವೆ ಗಾಳಿ ಆಡಲಿ, ಗೋಡೆಯಿಂದ ಒಂದು ಗೇಣು ದೂರ. ದಿಮ್ಮಿಗಳಿಗೆ ಬೆಣೆ ಹೊಡೆದು ಸೀಳುವುದನ್ನು ಅಕ್ಕ ದಿನಕ್ಕೆ ಒಂದು ಗಂಟೆಯಂತೆ ಮಾಡಿದಳು. ಆತ ಹೇಳುತ್ತ ಹೇಳುತ್ತ ಒಮ್ಮೆ ಮರೆತು ತುಂಡೊಂದಕ್ಕೆ ಬಗ್ಗಲು ಹೋದ. ಅಕ್ಕ ಮತ್ತು ಅತ್ತೆ ಒಟ್ಟಿಗೇ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಮರುದಿನ ಬೆಳಗಿನ ಬ್ರೆಡ್ಡು ತೆಗೆದ ಮೇಲೆ ಆತ ಅಂಗಿ ತೊಟ್ಟು ಹೊರಟ. ಎಲ್ಲಿಗೆ ಎಂದರೆ ಹೇಳಲಿಲ್ಲ. ಗ್ಯಾರೇಜುಗಳ ಸಾಲಿನವರೆಗೆ ಮೂರು ಕಡೆ ಕೂತು ಸುಧಾರಿಸಿಕೊಂಡು ನಡೆದ. ಕಮ್ಮಾರ ಕತ್ತೆತ್ತಿ ನೋಡಿ, "ಏನು ಆನೆ, ಈ ಕಡೆ?" ಎಂದ.

"ನನ್ನ ಹೆಂಡತಿಗೆ ಮಾಡಿಕೊಟ್ರಲ್ಲ, ಕೊಕ್ಕಿನ ಕೋಲು. ಅಂಥದೇ ಒಂದು ನನಗೂ ಬೇಕು."

ಮುದುಕ ನಗಲಿಲ್ಲ. ಅಳತೆಯ ಕೋಲು ತೆಗೆದುಕೊಂಡು ಬಂದ. "ನೆಟ್ಟಗೆ ನಿಲ್ಲು. ಬಗ್ಗಬೇಡ."

"ಬಗ್ಗೋದಿಲ್ಲ" ಎಂದ ಆತ. "ಅದಕ್ಕೇ ಬಂದಿರೋದು. ಕಾವು ಅವಳದಕ್ಕಿಂತ ಒಂದು ಗೇಣು ಉದ್ದ ಇರಲಿ."